ಅರ್ಧ ಸೆಕೆಂಡು ಮುಂದಿನ ಗುರಿ

ಎರಡು ತಂಡಗಳು ಆಯುಧ ಹಿಡಿದು ಕಾದಾಡುವ ಟೀಮ್ ಫೋರ್ಟ್ರೆಸ್ 2 ಎಂಬ ಕಂಪ್ಯೂಟರ್ ಆಟದಲ್ಲಿ ಸೋಲ್ಜರ್ ಪಾತ್ರವನ್ನು ಆಡುವವರಲ್ಲಿ ಅನೇಕರು ತಮ್ಮ ಗುರಿ ಎಷ್ಟು ನಿಖರವಾಗಿದೆ ಎಂಬುದನ್ನು ಬಹುಕಾಲ ತಿಳಿಯದೆಯೇ ಆಡುತ್ತಾರೆ. ಅದಕ್ಕೆ ಕಾರಣ ಆ ಪಾತ್ರದ ಮೂಲ ಆಯುಧವೇ. ರಾಕೆಟ್ ಲಾಂಚರ್‌ನಿಂದ ಹೊರಟ ರಾಕೆಟ್ ಎದುರಾಳಿಗೆ ತಾಗದೆ ಅವನ ಪಾದದ ಬಳಿಯ ನೆಲಕ್ಕೋ ಬೆನ್ನ ಹಿಂದಿನ ಗೋಡೆಗೋ ಬಡಿದರೂ, ಸ್ಫೋಟದ ಅಲೆ ಅವನನ್ನು ಮುಟ್ಟಿ ಗಾಯಗೊಳಿಸುತ್ತದೆ ಮತ್ತು ಅವನನ್ನು ಎತ್ತಿ ಎಸೆಯುತ್ತದೆ. ಆಟದ ಒಳಗಿನ ಅಳತೆಯಲ್ಲಿ ಹೇಳುವುದಾದರೆ ಒಬ್ಬ ಆಟಗಾರನ ದೇಹದ ಅಗಲ 49 ಯೂನಿಟ್, ಮೂಲ ರಾಕೆಟ್‌ನ ಸ್ಫೋಟದ ವ್ಯಾಪ್ತಿ ಸುಮಾರು 146 ಯೂನಿಟ್. ಮೂರು ದೇಹಗಳಷ್ಟು ದೂರದ ತಪ್ಪನ್ನೂ ಅಷ್ಟಿಷ್ಟು ಕ್ಷಮಿಸುವ ಆಯುಧವದು. ನಾನು ಬರೆಯಹೊರಟಿರುವುದು ಆ ಕ್ಷಮೆಯನ್ನು ಬಹುಪಾಲು ಕಿತ್ತುಕೊಳ್ಳುವ ಅದರ ಸೋದರ ಆಯುಧವಾದ ಡೈರೆಕ್ಟ್ ಹಿಟ್‌ನ ಬಗ್ಗೆ.

2009ರ ಡಿಸೆಂಬರ್ 17ರಂದು, ಸೋಲ್ಜರ್ ಮತ್ತು ಡೆಮೊಮ್ಯಾನ್ ಪಾತ್ರಗಳ ನಡುವೆ ‘ಯುದ್ಧ’ ಘೋಷಿಸಿ ಹೊರತಂದ ಅಪ್‌ಡೇಟ್‌ನಲ್ಲಿ ವಾಲ್ವ್ ಸಂಸ್ಥೆ ಇದನ್ನು ಆಟಕ್ಕೆ ಸೇರಿಸಿತು. ಮೂಲ ರಾಕೆಟ್ ಸೆಕೆಂಡಿಗೆ 1,100 ಯೂನಿಟ್ ವೇಗದಲ್ಲಿ ಸಾಗಿದರೆ ಇದರ ರಾಕೆಟ್ ಅದಕ್ಕಿಂತ ಶೇಕಡಾ 80ರಷ್ಟು ಹೆಚ್ಚು ವೇಗದಲ್ಲಿ, ಅಂದರೆ ಸೆಕೆಂಡಿಗೆ 1,980 ಯೂನಿಟ್ ಸಾಗುತ್ತದೆ; ಪೆಟ್ಟು ಶೇಕಡಾ 25ರಷ್ಟು ಹೆಚ್ಚು; ಆದರೆ ಸ್ಫೋಟದ ವ್ಯಾಪ್ತಿ ಶೇಕಡಾ 70ರಷ್ಟು ಕಡಿಮೆ. ಉಳಿಯುವುದು ಸುಮಾರು 44 ಯೂನಿಟ್, ಒಂದು ದೇಹದ ಅಗಲಕ್ಕಿಂತಲೂ ಕಿರಿದು. ನಾಲ್ಕೇ ರಾಕೆಟ್‌ಗಳು, ಒಂದು ಹೊಡೆತದಿಂದ ಇನ್ನೊಂದಕ್ಕೆ 0.8 ಸೆಕೆಂಡಿನ ಅಂತರ. ಇವೆರಡೂ ಮೂಲ ಆಯುಧದಲ್ಲಿ ಇರುವಂತೆಯೇ ಇವೆ. ಕಾಗದದ ಮೇಲೆ ಇದು ಸರಳವಾದ ಕೊಡುಕೊಳ್ಳುವಿಕೆಯಂತೆ ತೋರುತ್ತದೆ. ಆಡಲು ಕೂತಾಗ ಮಾತ್ರ, ಇಷ್ಟು ವರ್ಷ ಕಲಿತದ್ದರಲ್ಲಿ ಅರ್ಧವನ್ನು ಬದಿಗಿಟ್ಟು ಇನ್ನೊಂದು ಬಗೆಯಲ್ಲಿ ನೋಡಲು ಕಲಿಯಬೇಕು ಎಂಬುದು ಅರಿವಿಗೆ ಬರುತ್ತದೆ.

ಮೊದಲಿಗೆ ಲೆಕ್ಕವನ್ನೇ ನೋಡೋಣ, ಏಕೆಂದರೆ ಕಷ್ಟದ ತಿರುಳು ಅಲ್ಲಿದೆ. ಆಟದ ಒಂಬತ್ತು ಪಾತ್ರಗಳಲ್ಲಿ ಅತಿ ವೇಗವಾಗಿ ಓಡುವವನು ಸ್ಕೌಟ್, ಸೆಕೆಂಡಿಗೆ 400 ಯೂನಿಟ್. ಅವನು ನನ್ನಿಂದ 990 ಯೂನಿಟ್ ದೂರದಲ್ಲಿ ಅಡ್ಡಲಾಗಿ ಓಡುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಡೈರೆಕ್ಟ್ ಹಿಟ್‌ನ ರಾಕೆಟ್ ಅಲ್ಲಿಗೆ ತಲುಪಲು ಸರಿಯಾಗಿ ಅರ್ಧ ಸೆಕೆಂಡು ಬೇಕು. ಆ ಅರ್ಧ ಸೆಕೆಂಡಿನಲ್ಲಿ ಅವನು 200 ಯೂನಿಟ್ ಸರಿದಿರುತ್ತಾನೆ, ಅಂದರೆ ತನ್ನ ಮೈಯಗಲದ ನಾಲ್ಕು ಪಟ್ಟು. ಮೂಲ ಲಾಂಚರ್ ಆಗಿದ್ದರೆ ಅದೇ ದೂರಕ್ಕೆ 0.9 ಸೆಕೆಂಡು ಹಿಡಿಯುತ್ತಿತ್ತು, ಅವನು 360 ಯೂನಿಟ್ ಸರಿದಿರುತ್ತಿದ್ದ. ಆದರೆ ಅಲ್ಲಿ ಮೂರು ಮೈಯಗಲದಷ್ಟು ಹರಡಿದ ಸ್ಫೋಟ ನನ್ನ ಅಂದಾಜಿನ ಕೊರತೆಯನ್ನು ತುಂಬಿಕೊಡುತ್ತಿತ್ತು. ಇಲ್ಲಿ ತುಂಬಿಕೊಡುವವರು ಯಾರೂ ಇಲ್ಲ. ವೇಗ ಹೆಚ್ಚಿರುವುದರಿಂದ ಅಂದಾಜು ಮಾಡಬೇಕಾದ ಅವಧಿ ಕಡಿಮೆಯಾಗುತ್ತದೆ ಎಂಬುದು ನಿಜ, ಆದರೆ ಅಂದಾಜು ತಪ್ಪಿದಾಗ ತೆರಬೇಕಾದ ಬೆಲೆ ಪೂರ್ತಿಯಾಗುತ್ತದೆ.

ಲಗೋರಿ ಆಡಿದವರಿಗೆ ಇದು ಹೊಸದಲ್ಲ. ಕಲ್ಲು ಜೋಡಿಸಲು ಓಡಿಬರುವವನ ಬೆನ್ನಿಗೆ ಚೆಂಡು ಬೀಳಬೇಕಾದರೆ ಅವನು ಕಾಲಿಡಲಿರುವ ಜಾಗಕ್ಕೆ ಎಸೆಯಬೇಕು ಎಂಬುದನ್ನು ಬಯಲಿನಲ್ಲಿ ಯಾರೂ ಪಾಠ ಮಾಡಿ ಹೇಳಿಕೊಡುವುದಿಲ್ಲ, ತೋಳೇ ಕಲಿಯುತ್ತದೆ. ಪರದೆಯ ಮೇಲೆ ತೋಳಿನ ಆ ಅರಿವು ಸಿಗುವುದಿಲ್ಲ. ಮೌಸ್ ಹಿಡಿದ ಮಣಿಕಟ್ಟಿಗೆ ರಾಕೆಟ್‌ನ ತೂಕವಾಗಲಿ ದೂರವಾಗಲಿ ತಿಳಿಯದು. ರಾಕೆಟ್ ಗುರುತ್ವಕ್ಕೆ ಬಾಗದೆ ನೇರವಾಗಿ ಸಾಗುವುದರಿಂದ ಕಣ್ಣಿಗೂ ಸುಳಿವು ಕಡಿಮೆ. ಆದ್ದರಿಂದ ದೂರವನ್ನು ಸಮಯವನ್ನಾಗಿ ಪರಿವರ್ತಿಸುವ ಅಭ್ಯಾಸವನ್ನು ಬೇರೆಯೇ ಆಗಿ ಬೆಳೆಸಿಕೊಳ್ಳಬೇಕಾಗುತ್ತದೆ. ನಾನು ಅದನ್ನು ಮ್ಯಾಪ್‌ಗಳ, ಅಂದರೆ ಆಟ ನಡೆಯುವ ಕಣಗಳ ಮೂಲಕ ಬೆಳೆಸಿಕೊಂಡೆ. ಬ್ಯಾಡ್‌ಲ್ಯಾಂಡ್ಸ್ ಮ್ಯಾಪ್‌ನ ನಡುವಿನ ಸೇತುವೆಯ ಆಚೆ ದಡಕ್ಕೆ ರಾಕೆಟ್ ಹೊಡೆದು, ಅದು ಬಡಿಯುವವರೆಗಿನ ಅವಧಿಯನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳುವುದು. ಬಾಗಿಲಿನಿಂದ ಬಾಗಿಲಿಗೆ, ಮೆಟ್ಟಿಲಿನಿಂದ ಚಾವಣಿಗೆ ಹಾಗೆಯೇ ಮಾಡುವುದು. ಒಂದು ಜಾಗದ ದೂರಗಳು ಹೀಗೆ ಅವಧಿಗಳಾಗಿ ಮನಸ್ಸಿನಲ್ಲಿ ನಿಂತ ಮೇಲೆ ಎದುರಾಳಿ ಯಾವ ಕಂಬದ ಪಕ್ಕ ಕಾಣಿಸಿಕೊಂಡರೂ ಎಷ್ಟು ಮುಂದಕ್ಕೆ ಹೊಡೆಯಬೇಕು ಎಂಬುದನ್ನು ಯೋಚಿಸಬೇಕಾಗಿ ಬರುವುದಿಲ್ಲ.

ಇಷ್ಟು ಕಲಿಯುವುದಕ್ಕೆ ಅಭ್ಯಾಸದ ಮ್ಯಾಪ್‌ಗಳೂ ಇವೆ. ಟಿಆರ್_ವಾಕ್‌ವೇ ಎಂಬ ಮ್ಯಾಪ್‌ನಲ್ಲಿ ಕಂಪ್ಯೂಟರೇ ನಡೆಸುವ ಬಾಟ್‌ಗಳು ಒಂದೇ ದಾರಿಯಲ್ಲಿ ಸಾಲಾಗಿ ನಡೆದುಬರುತ್ತವೆ, ಅವುಗಳ ಪಾತ್ರ, ವೇಗ, ಅಡ್ಡಾದಿಡ್ಡಿ ನಡಿಗೆ ಇವನ್ನೆಲ್ಲ ಬದಲಿಸಿಕೊಳ್ಳಬಹುದು. ಮಣಿಕಟ್ಟಿನ ಚಲನೆಯನ್ನು ಹದಕ್ಕೆ ತರಲು ಅದು ಬಹಳ ಒಳ್ಳೆಯದು. ಆದರೆ ಬಾಟ್‌ಗಳಿಗೆ ಭಯವಿಲ್ಲ, ಆಸೆಯಿಲ್ಲ, ಬೇಸರವಿಲ್ಲ. ಅವುಗಳಿಂದ ಕಲಿಯುವುದು ಅಲ್ಲಿಗೆ ಮುಗಿಯುತ್ತದೆ.

ಅಲ್ಲಿಂದ ಮುಂದಿನದೇ ಈ ಆಯುಧದ ನಿಜವಾದ ಕಲಿಕೆ, ಮತ್ತು ಈ ಬರಹದ ಮುಖ್ಯ ಮಾತು ಕೂಡ ಅದೇ. ಮೂಲ ಲಾಂಚರ್ ಹಿಡಿದಾಗ ನಾನು ಒಂದು ಜಾಗಕ್ಕೆ ಹೊಡೆಯುತ್ತಿದ್ದೆ: ನೆಲಕ್ಕೆ, ಗೋಡೆಗೆ, ಬಾಗಿಲ ಚೌಕಟ್ಟಿಗೆ. ಅಲ್ಲಿ ನಿಂತವನು ಯಾರು, ಏನು ಮಾಡಲಿದ್ದಾನೆ ಎಂಬುದು ಎರಡನೆಯ ಪ್ರಶ್ನೆ. ಡೈರೆಕ್ಟ್ ಹಿಟ್ ಹಿಡಿದಾಗ ಒಬ್ಬ ವ್ಯಕ್ತಿಗೆ ಹೊಡೆಯಬೇಕು, ಮತ್ತು ಆ ವ್ಯಕ್ತಿ ಅರ್ಧ ಸೆಕೆಂಡಿನ ನಂತರ ಎಲ್ಲಿರಲು ಬಯಸುತ್ತಾನೆ ಎಂಬುದನ್ನು ಈಗಲೇ ಊಹಿಸಬೇಕು. ಅವನು ಪರದೆಯ ಆಚೆ ಯಾವುದೋ ಊರಿನಲ್ಲಿ ಕುಳಿತು ತನ್ನದೇ ನಿರ್ಧಾರ ತೆಗೆದುಕೊಳ್ಳುತ್ತಿರುವ ಮನುಷ್ಯ. ಅವನ ನಿರ್ಧಾರಗಳನ್ನು ಓದುವುದಕ್ಕೆ ಈ ಆಯುಧ ನನಗೆ ಹಚ್ಚಿಸಿದಷ್ಟು ಆಸಕ್ತಿಯನ್ನು ಬೇರಾವ ಆಟವೂ ಹಚ್ಚಿಸಿಲ್ಲ.

ಉದಾಹರಣೆಗೆ, ತಪ್ಪಿಸಿಕೊಳ್ಳಲು ಎಡಕ್ಕೂ ಬಲಕ್ಕೂ ಸರಿಯುವ ಆಟಗಾರನನ್ನು ಗಮನಿಸಿ. ತಾನು ಯಾದೃಚ್ಛಿಕವಾಗಿ ಸರಿಯುತ್ತಿದ್ದೇನೆ ಎಂದು ಅವನು ನಂಬಿರುತ್ತಾನೆ. ಆದರೆ ಕೀಬೋರ್ಡಿನ ಮೇಲಿನ ಬೆರಳುಗಳಿಗೆ ಒಂದು ಲಯವಿರುತ್ತದೆ. ಬಹುತೇಕರು ಒಂದು ರಾಕೆಟ್‌ನಿಂದ ತಪ್ಪಿಸಿಕೊಂಡ ಕೂಡಲೇ ಬಂದ ದಿಕ್ಕಿಗೆ ಮರಳುತ್ತಾರೆ. ಮೊದಲ ರಾಕೆಟ್ ಅವನನ್ನು ಒಂದು ಬದಿಗೆ ಸರಿಸಲಿಕ್ಕೆ, ಎರಡನೆಯದು ಅವನು ಮರಳುವ ಜಾಗಕ್ಕೆ ಎಂದು ಯೋಜಿಸಿದಾಗ ಎರಡನೆಯದು ತಾಗುವ ಸಂಭವ ಬಹಳ ಹೆಚ್ಚುತ್ತದೆ. ನುರಿತವರು ಹೀಗೆ ಸಿಕ್ಕುವುದಿಲ್ಲ. ಅವರು ರಾಕೆಟ್ ಹೊರಟದ್ದನ್ನು ನೋಡಿದ ಮೇಲೆ ನಿರ್ಧರಿಸುತ್ತಾರೆ. ಅಂಥವರ ಎದುರು ಹೊಡೆಯದೆ ಕಾಯುವುದೇ ಉತ್ತಮ, ಏಕೆಂದರೆ ಹೊಡೆತಕ್ಕಾಗಿ ಕಾಯುತ್ತಿರುವವನು ಹೊಡೆತ ಬಾರದಿದ್ದಾಗ ತಾನಾಗಿಯೇ ಒಂದು ಹೆಜ್ಜೆ ಇಡುತ್ತಾನೆ, ಇಟ್ಟ ಹೆಜ್ಜೆಯನ್ನು ಕೂಡಲೇ ಹಿಂತೆಗೆದುಕೊಳ್ಳಲಾರ.

ಮೆಡಿಕ್‌ಗಳದು ಇನ್ನೊಂದು ಬಗೆ. ಅಪಾಯ ಕಂಡಾಗ ಅವರು ತಮ್ಮ ತಂಡದ ಕಡೆಗೆ ಹಿಮ್ಮೆಟ್ಟುತ್ತಾರೆ, ಮತ್ತು ಚಿಕಿತ್ಸೆ ಪಡೆಯುತ್ತಿರುವ ಜೊತೆಗಾರನ ಮೇಲಿನ ಕಣ್ಣು ತೆಗೆಯಲು ಮನಸ್ಸಿಲ್ಲದೆ ಮುಖ ಮುಂದಿಟ್ಟುಕೊಂಡೇ ಹಿಂದೆ ನಡೆಯುತ್ತಾರೆ. ಈ ಆಟದಲ್ಲಿ ಹಿಂದಕ್ಕೆ ನಡೆಯುವವನ ವೇಗ ಶೇಕಡಾ 10ರಷ್ಟು ಕಡಿಮೆಯಾಗುತ್ತದೆ. ಸೆಕೆಂಡಿಗೆ 320 ಯೂನಿಟ್ ಓಡಬಲ್ಲ ಮೆಡಿಕ್ ಆಗ 288ಕ್ಕೆ ಇಳಿಯುತ್ತಾನೆ, ಅದೂ ಹೆಚ್ಚುಕಡಿಮೆ ನನ್ನಿಂದ ನೇರವಾಗಿ ದೂರ ಸರಿಯುವ ದಿಕ್ಕಿನಲ್ಲಿ. ಜೊತೆಗಾರನ ಮೇಲಿನ ಕಾಳಜಿಯೇ ಅವನನ್ನು ಸುಲಭದ ಗುರಿಯನ್ನಾಗಿ ಮಾಡುತ್ತದೆ ಎಂಬುದು ನನಗೆ ಪ್ರತಿ ಬಾರಿಯೂ ಸ್ವಲ್ಪ ಮನಸ್ಸಿಗೆ ತಾಗುವ ಸಂಗತಿ. ಬಂದೂಕಿನ ಚಕ್ರ ತಿರುಗಿಸುತ್ತ ನಿಂತ ಹೆವಿಯ ಬಗ್ಗೆ ಹೇಳಬೇಕಾದ್ದು ಹೆಚ್ಚಿಲ್ಲ; ಅವನು ಅಷ್ಟು ನಿಧಾನ, ಪ್ರಶ್ನೆಯಿರುವುದು ನಾನು ಅವನ ಗುಂಡುಗಳ ಎದುರು ಎಷ್ಟು ಹೊತ್ತು ಉಳಿಯುತ್ತೇನೆ ಎಂಬುದಷ್ಟೇ.

ಗಾಳಿಯಲ್ಲಿರುವವರ ವಿಷಯಕ್ಕೆ ಬಂದಾಗ ಈ ಆಯುಧ ತನ್ನ ಇನ್ನೊಂದು ಮುಖವನ್ನು ತೋರಿಸುತ್ತದೆ. ನೆಲದ ಮೇಲೆ ನಿಂತವನಿಗೆ ಪ್ರತಿ ಕ್ಷಣವೂ ನಾಲ್ಕು ದಿಕ್ಕುಗಳ ಆಯ್ಕೆಯಿದೆ. ಸ್ಫೋಟದಿಂದ ಮೇಲೆ ಹಾರಿದವನ ದಾರಿ ಬಹುಮಟ್ಟಿಗೆ ನಿಗದಿಯಾಗಿಬಿಡುತ್ತದೆ: ಗುರುತ್ವ ಅವನ ಇಳಿಯುವ ವೇಗವನ್ನು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 800 ಯೂನಿಟ್‌ನಷ್ಟು ಹೆಚ್ಚಿಸುತ್ತ ಕೆಳಗೆಳೆಯುತ್ತದೆ, ಅವನು ಗಾಳಿಯಲ್ಲಿ ಸ್ವಲ್ಪ ಅತ್ತಿತ್ತ ಬಾಗಬಹುದೇ ಹೊರತು ನಿಲ್ಲಲಾರ, ಮರಳಲಾರ. ಹಾರಾಟದ ಅತಿ ಎತ್ತರದ ಬಿಂದುವಿನಲ್ಲಿ ಮೇಲಕ್ಕೆ ಹೋಗುವ ವೇಗ ಸೊನ್ನೆಯಾಗುತ್ತದೆ. ಅಲ್ಲಿಂದ ಕಾಲು ಸೆಕೆಂಡಿನಲ್ಲಿ ಅವನು ಇಳಿಯುವುದು ಕೇವಲ 25 ಯೂನಿಟ್, ತನ್ನ ಮೈಯೆತ್ತರದ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅಂದರೆ ಆ ಒಂದು ಗಳಿಗೆಯಲ್ಲಿ ಎತ್ತರದ ಅಂದಾಜು ಬೇಕಾಗುವುದೇ ಇಲ್ಲ, ಅಡ್ಡ ಸರಿತದ ಅಂದಾಜು ಸಾಕು. ಏರ್‌ಶಾಟ್ ಎಂದು ನಾವು ಕರೆಯುವ ಈ ಹೊಡೆತ ನೋಡುವವರಿಗೆ ಬೆರಗು ಹುಟ್ಟಿಸುತ್ತದೆ. ಹೊಡೆಯುವವನಿಗೆ ಮಾತ್ರ, ನೆಲದ ಮೇಲೆ ಚಂಚಲವಾಗಿ ಓಡುವ ಸ್ಕೌಟ್‌ನನ್ನು ಹೊಡೆಯುವುದಕ್ಕಿಂತ ಅದು ಎಷ್ಟೋ ಸುಲಭ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಆಟದ ನಿಯಮವೂ ಇದಕ್ಕೆ ಒತ್ತು ಕೊಡುತ್ತದೆ. ಸ್ಫೋಟದಿಂದ ಗಾಳಿಗೆ ಏರಿದವನಿಗೆ ಡೈರೆಕ್ಟ್ ಹಿಟ್ ತಾಗಿದರೆ ಅದು ಮಿನಿ ಕ್ರಿಟ್ ಆಗಿ ಶೇಕಡಾ 35ರಷ್ಟು ಹೆಚ್ಚು ಪೆಟ್ಟು ಕೊಡುತ್ತದೆ. ಮಧ್ಯಮ ದೂರದ 112 ಅಂಕದ ಪೆಟ್ಟು ಆಗ 151ಕ್ಕೆ ಏರುತ್ತದೆ. ಮೆಡಿಕ್‌ನ ಸಹಜ ಆರೋಗ್ಯ 150. ಈ ಒಂದು ಅಂಕದ ಅಂತರದಲ್ಲಿ ಎಷ್ಟು ಪಂದ್ಯಗಳು ತಿರುಗಿವೆಯೋ! ಸ್ಕೌಟ್ ತನ್ನ ಕಾಲಿನಿಂದಲೇ ಎರಡು ಬಾರಿ ಜಿಗಿಯುವುದು ಈ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಅವನ ಎರಡನೆಯ ಜಿಗಿತ ಮುಗಿಯುವವರೆಗೆ ಕಾದರೆ ಅವನಿಗೂ ನೆಲ ಮುಟ್ಟುವ ತನಕ ಹೆಚ್ಚಿನ ಆಯ್ಕೆ ಉಳಿದಿರುವುದಿಲ್ಲ. ತೀರಾ ಹತ್ತಿರದಿಂದ ತಾಗಿದರೆ ಪೆಟ್ಟು 140ರವರೆಗೆ ಹೋಗುತ್ತದೆ, ಅವನ ಆರೋಗ್ಯ 125. ಮೂಲ ಲಾಂಚರ್ ಎಷ್ಟೇ ಹತ್ತಿರದಿಂದ ತಾಗಿದರೂ 112ಕ್ಕೆ ನಿಲ್ಲುತ್ತದೆ. ಸ್ಕೌಟ್ 13 ಅಂಕ ಉಳಿಸಿಕೊಂಡು ತಪ್ಪಿಸಿಕೊಂಡು ಹೋಗುತ್ತಾನೆ.

ಏರ್‌ಶಾಟ್ ಕಲಿಯಲು ಎಂಜಿಇ ಸರ್ವರ್‌ಗಳ ಒಬ್ಬರಿಗೊಬ್ಬರ ಕಾಳಗಗಳಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಅಲ್ಲಿ ಎಂಡಿಫ್ ಎಂಬ ಬಗೆಯ ಕಣದಲ್ಲಿ ಎದುರಾಳಿಯನ್ನು ರಾಕೆಟ್‌ನಿಂದ ಮೇಲೆತ್ತಿ, ಅವನು ಗಾಳಿಯಲ್ಲಿರುವಾಗಲೇ ಇನ್ನೊಂದು ರಾಕೆಟ್ ತಾಗಿಸಿದರೆ ಮಾತ್ರ ಅಂಕ. ನಾನು ಅಲ್ಲಿ ಸಿಕ್ಕಾಪಟ್ಟೆ ಸಂಜೆಗಳನ್ನು ಕಳೆದಿದ್ದೇನೆ, ಅವುಗಳಲ್ಲಿ ಹೆಚ್ಚಿನವು ನನಗಿಂತ ಬಹಳ ಚೆನ್ನಾಗಿ ಆಡುವವರ ಎದುರು. ಸೋಲುತ್ತ ಆಡುವುದರಲ್ಲಿ ಒಂದು ಲಾಭವಿದೆ: ಅವರು ನನ್ನ ಯಾವ ಅಭ್ಯಾಸವನ್ನು ಓದಿ ಹೊಡೆಯುತ್ತಿದ್ದಾರೆ ಎಂದು ತಿಳಿದುಕೊಂಡರೆ, ಅದೇ ಅಭ್ಯಾಸ ಇತರರಲ್ಲೂ ಇರುತ್ತದೆ ಎಂಬುದು ತಿಳಿಯುತ್ತದೆ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತು ಆಡುವ ನಮಗೆ ಇನ್ನೂ ಒಂದು ಸಮಸ್ಯೆಯಿದೆ, ಅದು ಪಿಂಗ್, ಅಂದರೆ ನಮ್ಮ ಕಂಪ್ಯೂಟರ್‌ನಿಂದ ಸರ್ವರ್‌ಗೆ ಸಂದೇಶ ಹೋಗಿಬರಲು ಹಿಡಿಯುವ ಸಮಯ. ಈ ಆಟದಲ್ಲಿ ಗುಂಡು ಹಾರಿಸುವ ಬಂದೂಕುಗಳಿಗೆ ಸರ್ವರ್ ವಿಳಂಬದ ಪರಿಹಾರ ಕೊಡುತ್ತದೆ. ನನ್ನ ಪರದೆಯಲ್ಲಿ ಎದುರಾಳಿ ಎಲ್ಲಿ ಕಂಡನೋ ಅಲ್ಲಿಗೆ ಹೊಡೆದರೆ ಸರ್ವರ್ ಹಿಂದಿನ ಸ್ಥಿತಿಯನ್ನು ಲೆಕ್ಕಹಾಕಿ ಒಪ್ಪಿಕೊಳ್ಳುತ್ತದೆ. ರಾಕೆಟ್‌ಗಳಿಗೆ ಆ ಪರಿಹಾರವಿಲ್ಲ. ನನ್ನ ಕ್ಲಿಕ್ ಸರ್ವರ್ ತಲುಪಿದ ಮೇಲಷ್ಟೇ ರಾಕೆಟ್ ಹುಟ್ಟುತ್ತದೆ, ಮತ್ತು ನಾನು ಪರದೆಯಲ್ಲಿ ನೋಡುತ್ತಿರುವ ಎದುರಾಳಿ ಆಗಲೇ ಕಳೆದುಹೋದ ಕ್ಷಣದವನು. ಒಟ್ಟು ವಿಳಂಬ 50 ಮಿಲಿಸೆಕೆಂಡು ಎಂದುಕೊಂಡರೂ ಅಷ್ಟರಲ್ಲಿ ಸ್ಕೌಟ್ 20 ಯೂನಿಟ್ ಮುಂದೆ ಹೋಗಿರುತ್ತಾನೆ, ಅವನ ಮೈಯಗಲದ ಸುಮಾರು ಐದನೆಯ ಎರಡು ಭಾಗ. ಸ್ಫೋಟ ದೊಡ್ಡದಾಗಿದ್ದಾಗ ಇದು ಗಣನೆಗೆ ಬರುತ್ತಿರಲಿಲ್ಲ. ಡೈರೆಕ್ಟ್ ಹಿಟ್‌ನಲ್ಲಿ ಅದು ತಾಗುವುದಕ್ಕೂ ತಪ್ಪುವುದಕ್ಕೂ ನಡುವಿನ ಅಂತರವೇ ಆಗಿಬಿಡಬಹುದು. ಮುಂಬೈ ಸರ್ವರ್‌ನಲ್ಲಿ ಕೂಡಿಬಂದ ಅಂದಾಜು ಸಿಂಗಪುರದ ಸರ್ವರ್‌ಗೆ ಹೋದಾಗ ಕೊಂಚ ತಿದ್ದಿಕೊಳ್ಳಬೇಕು. ಮೊದಲ ಕೆಲವು ನಿಮಿಷಗಳನ್ನು ಈ ತಿದ್ದುಪಡಿಗೆಂದೇ ಮೀಸಲಿಡುವುದು ನನಗೆ ರೂಢಿಯಾಗಿದೆ. ಜೊತೆಗೆ ರಾಕೆಟ್ ಹೊರಡುವುದು ಪರದೆಯ ನಡುವಿನಿಂದಲ್ಲ, ಬಲ ಭುಜದ ಕಡೆಯಿಂದ. ಬಲಗಡೆ ಗೋಡೆಯಿರುವ ಮೂಲೆಯಿಂದ ಇಣುಕಿ ಹೊಡೆದರೆ ದೃಷ್ಟಿಗೆ ಎದುರಾಳಿ ಸಿಕ್ಕಿದ್ದರೂ ರಾಕೆಟ್ ಆ ಮೂಲೆಗೇ ಬಡಿಯಬಹುದು. ಎಡಗಡೆ ಗೋಡೆಯಿರುವ ಮೂಲೆಗಳನ್ನು ಆರಿಸಿಕೊಳ್ಳುವುದು ಸಣ್ಣ ಸಂಗತಿಯಂತೆ ಕಂಡರೂ ಪ್ರತಿ ಪಂದ್ಯದಲ್ಲೂ ಉಪಯೋಗಕ್ಕೆ ಬರುತ್ತದೆ.

ಇದುವರೆಗೆ ಹೇಳಿದ್ದು ಒಬ್ಬನ ಕೌಶಲದ ಮಾತು. ಆದರೆ ಇದು ತಂಡದ ಆಟ, ಮತ್ತು ನಾನು ಈ ಆಯುಧ ಹಿಡಿದಾಗ ಅದರ ಬೆಲೆಯನ್ನು ತಂಡವೂ ತೆರುತ್ತದೆ. ಎದುರಾಳಿಯ ಇಬ್ಬರು ಸ್ಕೌಟ್‌ಗಳು ನಮ್ಮ ಮೆಡಿಕ್‌ನ ಮೇಲೆ ಒಟ್ಟಿಗೆ ಬಿದ್ದಾಗ, ಮೂಲ ಲಾಂಚರ್‌ನ ಒಂದು ರಾಕೆಟ್ ನೆಲಕ್ಕೆ ಬಡಿದರೆ ಸಾಕು, ಇಬ್ಬರೂ ದೂರ ಸಿಡಿಯುತ್ತಾರೆ, ಮೆಡಿಕ್‌ಗೆ ಉಸಿರಾಡಲು ಅವಕಾಶ ಸಿಗುತ್ತದೆ. ಡೈರೆಕ್ಟ್ ಹಿಟ್‌ನಿಂದ ಒಬ್ಬನನ್ನು ಹೊಡೆಯಬಹುದು. ಇನ್ನೊಬ್ಬ ತನ್ನ ಕೆಲಸ ಮುಗಿಸುತ್ತಾನೆ. ಆರು ಜನರ ತಂಡದಲ್ಲಿ ಮೆಡಿಕ್‌ನ ಪಕ್ಕದಲ್ಲೇ ನಿಂತು ಅವನನ್ನು ಕಾಯುವ ಸೋಲ್ಜರ್ ಇದನ್ನು ಹಿಡಿಯಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ, ಅವನ ಗುರಿ ಎಷ್ಟೇ ಚೆನ್ನಾಗಿರಲಿ. ನಮ್ಮ ಮೆಡಿಕ್ ಜೊತೆಗಾರನ ಪೆಟ್ಟನ್ನು ಕೆಲಹೊತ್ತು ಹೆಚ್ಚಿಸುವ ಕ್ರಿಟ್ಸ್‌ಕ್ರೀಗ್ ಎಂಬ ಗನ್ ತಂದಿದ್ದರೂ ಹಾಗೆಯೇ. ಅದರ ಬಲದಲ್ಲಿ ಪ್ರತಿ ರಾಕೆಟ್ ಮೂರು ಪಟ್ಟು ಪೆಟ್ಟು ಕೊಡುತ್ತದೆ, ಮೂಲ ರಾಕೆಟ್ 270 ಅಂಕಕ್ಕೆ ಏರುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಗುಂಪಾಗಿ ನಿಂತವರ ನಡುವೆ ಅದು ಸಿಡಿದರೆ ಇಬ್ಬರು ಮೂವರು ಒಟ್ಟಿಗೆ ಬೀಳುತ್ತಾರೆ. ಅಂಥ ಹೊತ್ತಿನಲ್ಲಿ ಕಿರಿದಾದ ಸ್ಫೋಟದ ಆಯುಧ ಹಿಡಿದು ನಿಲ್ಲುವುದು ಮೆಡಿಕ್ ಅಷ್ಟು ಹೊತ್ತು ಕೂಡಿಟ್ಟ ಶಕ್ತಿಯನ್ನು ವ್ಯರ್ಥ ಮಾಡಿದಂತೆ. ಎದುರು ತಂಡದಲ್ಲಿ ಬೆಂಕಿಯುಗುಳುವ ಪಾತ್ರವಾದ ಪೈರೋವನ್ನು ಚೆನ್ನಾಗಿ ಆಡುವವನಿದ್ದರೆ ಅದೂ ಯೋಚಿಸಬೇಕಾದ ವಿಷಯ, ಏಕೆಂದರೆ ಅವನು ಗಾಳಿಯೂದಿ ಹಿಂತಿರುಗಿಸಿದ ರಾಕೆಟ್ ಇನ್ನೂ ಹೆಚ್ಚಿನ ಪೆಟ್ಟಿನೊಂದಿಗೆ ನಮ್ಮವರ ಮೇಲೆಯೇ ಬರುತ್ತದೆ.

ಹಾಗಾದರೆ ತಂಡಕ್ಕೆ ಇದರಿಂದ ಸಿಗುವುದೇನು? ಮೊದಲನೆಯದು ಸೆಂಟ್ರಿ ಗನ್‌ಗಳು. ಅಪ್‌ವರ್ಡ್, ಬ್ಯಾಡ್‌ವಾಟರ್‌ನಂತಹ, ಒಂದು ತಂಡ ಬಂಡಿಯೊಂದನ್ನು ಗುರಿಯವರೆಗೆ ತಳ್ಳಬೇಕಾದ ಪೇಲೋಡ್ ಮ್ಯಾಪ್‌ಗಳಲ್ಲಿ ಬಂಡಿಯ ಹಾದಿಯನ್ನು ಕಟ್ಟಿಹಾಕುವುದು ಎಂಜಿನಿಯರ್ ನಿಲ್ಲಿಸಿದ ಮೂರನೆಯ ಹಂತದ ಸೆಂಟ್ರಿ. ಅದರ ಆರೋಗ್ಯ 216, ಅದು ತಾನಾಗಿ ಗುರುತಿಸಿ ಹೊಡೆಯಬಲ್ಲ ದೂರ 1,100 ಯೂನಿಟ್. ಅದಕ್ಕಿಂತ ಸ್ವಲ್ಪ ಆಚೆ ನಿಂತು ಎರಡು ರಾಕೆಟ್ ತಾಗಿಸಿದರೆ 224 ಅಂಕ, ಸೆಂಟ್ರಿ ಚೂರುಚೂರಾಗುತ್ತದೆ. ಮೂಲ ಲಾಂಚರ್‌ಗೆ ಮೂರು ಬೇಕು, ಆ ಮೂರನೆಯದು ಹೊರಡುವ ಹೊತ್ತಿಗೆ ಎಂಜಿನಿಯರ್ ವ್ರೆಂಚ್‌ನಿಂದ ಬಡಿದು ಅದನ್ನು ಸರಿಪಡಿಸಿರುತ್ತಾನೆ. ಎರಡು ರಾಕೆಟ್‌ಗಳ ನಡುವಿನ 0.8 ಸೆಕೆಂಡಿನಲ್ಲಿ ಅವನಿಗೆ ಸಿಗುವ ಅವಕಾಶ ಕಡಿಮೆ. ಪ್ರತಿ ಪಾತ್ರಕ್ಕೂ ಒಬ್ಬರಂತೆ ಒಂಬತ್ತು ಜನ ಆಡುವ ಹೈಲ್ಯಾಂಡರ್ ಪಂದ್ಯಗಳಲ್ಲಿ ಎದುರಿಗೆ ಎಂಜಿನಿಯರ್ ಇದ್ದೇ ಇರುತ್ತಾನಾದ್ದರಿಂದ ಅಲ್ಲಿ ಈ ಆಯುಧಕ್ಕೆ ಮರ್ಯಾದೆ ಹೆಚ್ಚು.

ಎರಡನೆಯದು ನನಗೆ ಇನ್ನೂ ಪ್ರಿಯವಾದದ್ದು. ಗಾಳಿಗೇರಿದವನಿಗೆ ಮಿನಿ ಕ್ರಿಟ್ ಎಂಬ ನಿಯಮಕ್ಕೆ, ಅವನನ್ನು ಎತ್ತಿದ ಸ್ಫೋಟ ನನ್ನದೇ ಆಗಿರಬೇಕಾಗಿಲ್ಲ. ನಮ್ಮ ಡೆಮೊಮ್ಯಾನ್‌ನ ಸ್ಟಿಕಿ ಬಾಂಬ್ (ಬಿದ್ದಲ್ಲಿ ಅಂಟಿಕೊಂಡು, ಅವನು ಬೇಕೆಂದಾಗ ಸಿಡಿಯುವ ಬಾಂಬ್) ಎತ್ತಿದರೂ ಆಗುತ್ತದೆ, ಇನ್ನೊಬ್ಬ ಸೋಲ್ಜರ್‌ನ ರಾಕೆಟ್ ಎತ್ತಿದರೂ ಆಗುತ್ತದೆ. ನಾನು ಬಹುಕಾಲದಿಂದ ಜೊತೆಯಾಗಿ ಆಡುವ ಒಬ್ಬ ಡೆಮೊಮ್ಯಾನ್ ಇದನ್ನು ಒಂದು ಸಂಭಾಷಣೆಯ ಮಟ್ಟಕ್ಕೆ ತಂದಿದ್ದಾನೆ. “ಎತ್ತುತ್ತಾ ಇದೀನಿ ಮಗಾ, ಬಲಗಡೆ ನೋಡು” ಎಂದು ಮೈಕ್‌ನಲ್ಲಿ ಹೇಳುವ ಹೊತ್ತಿಗೆ ಅವನು ಬಾಂಬ್ ಸಿಡಿಸಿರುತ್ತಾನೆ, ನಾನು ಬಲಗಡೆಯ ಗಾಳಿಯಲ್ಲಿ ಒಂದು ಬಿಂದುವಿಗೆ ಗುರಿಯಿಟ್ಟು ಆಗಲೇ ಹೊಡೆದಿರುತ್ತೇನೆ. ಎದುರಾಳಿ ಆ ಬಿಂದುವಿಗೆ ಇನ್ನೂ ತಲುಪಿರುವುದಿಲ್ಲ. ಗೆಳೆಯನ ಸ್ಟಿಕಿಗಳು ಎಲ್ಲಿ ಬಿದ್ದಿವೆ, ಯಾವ ಕೋನದಿಂದ ಎತ್ತುತ್ತವೆ ಎಂಬುದನ್ನು ತಿಳಿದಿದ್ದರೆ ಮಾತ್ರ ಇದು ಸಾಧ್ಯ. ಹೀಗಾಗಿ ಎದುರಾಳಿಗಳನ್ನು ಓದಲು ಕಲಿತ ನಾನು ನನ್ನ ಜೊತೆಗಾರನನ್ನು ಅದಕ್ಕಿಂತಲೂ ಸೂಕ್ಷ್ಮವಾಗಿ ಓದಲು ಕಲಿಯಬೇಕಾಯಿತು. ಅವನು ಆತುರದಲ್ಲಿದ್ದಾಗ ಬಾಂಬ್‌ಗಳನ್ನು ಒತ್ತೊತ್ತಾಗಿ ಹಾಕುತ್ತಾನೆ, ಎದುರಾಳಿ ನೇರ ಮೇಲಕ್ಕೆ ಹಾರುತ್ತಾನೆ. ನಿರಾಳವಾಗಿದ್ದಾಗ ಬಾಗಿಲಿನ ಒಂದು ಬದಿಗೆ ಹಾಕುತ್ತಾನೆ, ಎದುರಾಳಿ ಓರೆಯಾಗಿ ನನ್ನ ಕಡೆ ಬರುತ್ತಾನೆ.

ಇನ್ನೂ ಕೈಗೆ ಹತ್ತದೆ ಉಳಿದಿರುವುದು ರಾಕೆಟ್‌ಗಳ ಮಿತವ್ಯಯ. ನಾಲ್ಕು ರಾಕೆಟ್ ಮುಗಿದ ಮೇಲೆ ಮೊದಲನೆಯದನ್ನು ತುಂಬಲು 0.92 ಸೆಕೆಂಡು, ಆಮೇಲೆ ಪ್ರತಿಯೊಂದಕ್ಕೂ 0.8 ಸೆಕೆಂಡು ಬೇಕು. ನಾಲ್ಕನ್ನೂ ತುಂಬಲು ಮೂರು ಸೆಕೆಂಡಿಗಿಂತ ಹೆಚ್ಚು. ಈ ಆಟದಲ್ಲಿ ಒಂದು ಕಾಳಗ ಮುಗಿದುಹೋಗಲು ಅಷ್ಟು ಸಾಕು. ತಾಗದ ರಾಕೆಟ್ ಇಲ್ಲಿ ಹೆಚ್ಚೇನನ್ನೂ ಮಾಡದಿರುವುದರಿಂದ, ಅಂದಾಜು ಗಟ್ಟಿಯಾಗಿಲ್ಲದಿದ್ದರೆ ಬೆರಳನ್ನು ತಡೆದು ಶಾಟ್‌ಗನ್‌ಗೆ ಬದಲಿಸುವುದು ಸರಿ. ಒಂದು ರಾಕೆಟ್ ತಾಗಿ 112 ಅಂಕ ಕಳೆದುಕೊಂಡ ಸ್ಕೌಟ್‌ಗೆ ಉಳಿದಿರುವುದು 13. ಅವನಿಗಾಗಿ ಇನ್ನೊಂದು ರಾಕೆಟ್ ಖರ್ಚುಮಾಡುವುದಕ್ಕಿಂತ ಕ್ಷಣಮಾತ್ರದಲ್ಲಿ ತಾಗುವ ಶಾಟ್‌ಗನ್ ಸಾಕು, ಉಳಿದ ರಾಕೆಟ್ ಅವನ ಹಿಂದೆ ಬರುವವನಿಗಿರಲಿ. ಇದು ನನಗೆ ತಿಳಿದಿದೆ, ಆದರೆ ಕಾಳಗದ ಬಿಸಿಯಲ್ಲಿ ಬೆರಳು ಇನ್ನೂ ಯಾವಾಗಲೂ ಒಪ್ಪುವುದಿಲ್ಲ. ಈಗಿನ ಅಭ್ಯಾಸವೆಲ್ಲ ಅದರ ಮೇಲೆಯೇ.

ಈಗ ಪಂದ್ಯ ಶುರುವಾಗುವ ಮೊದಲು, ತಂಡ ಆಟಕ್ಕಿಳಿಯುವ ಕೋಣೆಯಾದ ಸ್ಪಾನ್ ರೂಮ್‌ನಲ್ಲಿ ಮೆಡಿಕ್ ಯಾವ ಗನ್ ತರುತ್ತಿದ್ದಾರೆ ಎಂದು ಕೇಳುತ್ತೇನೆ, ಎದುರು ತಂಡದಲ್ಲಿ ಪೈರೋ ಇದ್ದಾನೆಯೇ, ಎಂಜಿನಿಯರ್ ಎಷ್ಟು ಮಂದಿ ಎಂದು ನೋಡುತ್ತೇನೆ, ನಮ್ಮ ಡೆಮೊ ಆಡುತ್ತಿರುವುದು ನನಗೆ ಗೊತ್ತಿರುವ ಆ ಗೆಳೆಯನೇ ಎಂದು ವಿಚಾರಿಸಿಕೊಳ್ಳುತ್ತೇನೆ. ಅವನು ಇಲ್ಲದಿದ್ದರೆ, ಮೆಡಿಕ್‌ಗೆ ಕಾವಲಿನ ಅಗತ್ಯ ಹೆಚ್ಚಿದ್ದರೆ, ಮೂಲ ಲಾಂಚರ್ ಹಿಡಿದು ಹೊರಡುತ್ತೇನೆ. ಅವನಿದ್ದರೆ, ಮತ್ತು ಬಂಡಿಯ ಹಾದಿಯಲ್ಲಿ ಸೆಂಟ್ರಿ ಎದ್ದಿದೆ ಎಂದು ಯಾರಾದರೂ ಕೂಗಿದರೆ, ಡೈರೆಕ್ಟ್ ಹಿಟ್ ತೆಗೆದುಕೊಳ್ಳುತ್ತೇನೆ.